ಯಂತ್ರದ ಇಸ್ಪೀಟು: ಹೆಸರು ಹಲವು, ಲೆಕ್ಕ ಬೇರೆ ಬೇರೆ

ಉಚ್ಚಿಲ: ಕೋಳಿ ಅಂಕ, ಜಾತ್ರೆ ಗದ್ದೆಯ ಜುಗಾರಿ, ಮಟ್ಕಾ ಚೀಟಿ ಇವೆಲ್ಲ ಕರಾವಳಿಗೆ ಹೊಸತಲ್ಲ. ಹೆದ್ದಾರಿ ಬದಿಯ ಪೇಟೆಗಳಲ್ಲಿ ‘ಸ್ಕಿಲ್ ಗೇಮ್’ ಫಲಕಗಳು ಕಾಣಿಸಿಕೊಂಡದ್ದು, ಬಳಿಕ ಅದೇ ಆಟ ಮೊಬೈಲ್ ಪರದೆಗೆ ಇಳಿದದ್ದು ಈಚಿನ ಬೆಳವಣಿಗೆ. ಅವುಗಳ ಪೈಕಿ ‘ಜಾಣ್ಮೆಯ ಆಟ’ ಎಂಬ ಹೆಸರನ್ನು ಅತ್ಯಂತ ಸುಲಭವಾಗಿ ಗಳಿಸುವುದು ವಿಡಿಯೋ ಪೋಕರ್. ಆ ಹೆಸರು ಎಷ್ಟರಮಟ್ಟಿಗೆ ಸರಿ ಎಂಬುದೇ ಪ್ರಶ್ನೆ.

ಮೇಜಿನ ಪೋಕರ್‌ನಲ್ಲಿ ಎದುರಾಳಿಯ ಮುಖ ಓದಬೇಕು. ಯಂತ್ರಕ್ಕೆ ಮುಖವಿಲ್ಲ. ಐದು ಎಲೆ ಬರುತ್ತವೆ. ಬೇಕಾದುದನ್ನು ಉಳಿಸಿ, ಬೇಡವಾದುದನ್ನು ಒಮ್ಮೆ ಮಾತ್ರ ಬದಲಾಯಿಸಬಹುದು. ಯಾವ ಜೋಡಣೆಗೆ ಎಷ್ಟು ಹಣವೆಂಬ ಪಟ್ಟಿ ಪರದೆಯ ಮೇಲೇ ಇರುತ್ತದೆ. ಆಟಗಾರನ ಭವಿಷ್ಯವಿರುವುದು ಈ ಪಟ್ಟಿಯಲ್ಲಿ.

ಅತ್ಯಂತ ಜನಪ್ರಿಯವಾದ ‘ಜಾಕ್ಸ್ ಆರ್ ಬೆಟರ್’ನಲ್ಲಿ ಗುಲಾಮನ ಜೋಡಿ ಅಥವಾ ಅದಕ್ಕಿಂತ ಮೇಲಿನದು ಬಂದರೆ ಪಣ ವಾಪಸ್. ಫುಲ್ ಹೌಸ್‌ಗೆ 9 ಪಟ್ಟು, ಫ್ಲಶ್‌ಗೆ 6 ಪಟ್ಟು ಕೊಡುವ ಯಂತ್ರದಲ್ಲಿ ಒಂದೂ ತಪ್ಪಿಲ್ಲದೆ ಆಡಿದವನಿಗೆ 100 ರೂಪಾಯಿಗೆ ಸರಾಸರಿ 99.54 ರೂ. ಮರಳುತ್ತದೆ. ಅದೇ ಆಟ, ಅದೇ ಪರದೆ. 9 ಮತ್ತು 6ರ ಜಾಗದಲ್ಲಿ 8 ಮತ್ತು 5 ಇದ್ದರೆ 97.30ಕ್ಕೆ ಇಳಿಯುತ್ತದೆ. 6 ಮತ್ತು 5 ಇದ್ದರೆ ಸುಮಾರು 95. ಗಂಟೆಗೆ 600 ಕೈ, ಕೈಗೆ 10 ರೂಪಾಯಿಯಂತೆ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಸರಾಸರಿ ನಷ್ಟ 28 ರೂಪಾಯಿಯಷ್ಟು, ಎರಡನೆಯದರಲ್ಲಿ 162, ಮೂರನೆಯದರಲ್ಲಿ 300. ಪಟ್ಟಿಯ ಎರಡು ಅಂಕಿಗಳನ್ನು ಯಾರು ನೋಡುತ್ತಾರೆ?

‘ಡ್ಯೂಸಸ್ ವೈಲ್ಡ್’ನಲ್ಲಿ ನಾಲ್ಕೂ ಎರಡುಗಳು ಯಾವ ಎಲೆಯಾಗಿಯೂ ಸಲ್ಲುತ್ತವೆ. ಆದರೆ ಒಂದೇ ಬಗೆಯ ಮೂರು ಎಲೆಗಿಂತ ಕಡಿಮೆಗೆ ಬಿಡಿಗಾಸೂ ಇಲ್ಲ. ‘ಜೋಕರ್ ಪೋಕರ್’ಗೆ 53 ಎಲೆ. ‘ಡಬಲ್ ಡಬಲ್ ಬೋನಸ್’ ಮಾತ್ರ ಬೇರೆಯೇ ಸ್ವಭಾವದ್ದು. ನಾಲ್ಕು ಎಕ್ಕದ ಜೊತೆ 2, 3 ಅಥವಾ 4 ಬಿದ್ದರೆ ಪಣದ 400 ಪಟ್ಟು. ಪದೇ ಪದೇ ಬರುವ ಎರಡು ಜೋಡಿಗೆ ಮಾತ್ರ ದುಪ್ಪಟ್ಟಿನ ಬದಲು ಹಾಕಿದಷ್ಟೇ. ಕಿಸೆ ಬೇಗ ಬರಿದಾಗುವುದು ಇಲ್ಲಿಯೇ. ಇವೆಲ್ಲದರ ಮೇಲೆ ರಾಯಲ್ ಫ್ಲಶ್‌ನ ಆಸೆ: ಅದು ಸುಮಾರು 40 ಸಾವಿರ ಕೈಗಳಿಗೊಮ್ಮೆ, ಅಂದರೆ ಮೇಲಿನ ವೇಗದಲ್ಲಿ ಸುಮಾರು 67 ಗಂಟೆಗೊಮ್ಮೆ ಬರಬಹುದು, ಬಾರದೆಯೂ ಇರಬಹುದು. 800 ಪಟ್ಟಿನ ಪೂರ್ಣ ಬಹುಮಾನ ಐದು ನಾಣ್ಯ ಹಾಕಿದವನಿಗೆ ಮಾತ್ರ.

ಈ ಲೆಕ್ಕವೆಲ್ಲ ನಿಲ್ಲುವುದು ಎಲೆಗಳು ಪ್ರಾಮಾಣಿಕವಾಗಿ ಕಲೆತರೆ. ಅಮೆರಿಕದ ನೆವಾಡಾದಲ್ಲಿ ಯಂತ್ರದೊಳಗಿನ ಎಲೆ ನಿಜವಾದ ಕಟ್ಟಿನಂತೆಯೇ ಬೀಳಬೇಕೆಂಬ ನಿಯಮವಿದೆ, ತಪಾಸಣೆಯೂ ಇದೆ. ನಮ್ಮಲ್ಲಿ? ಬೆಂಗಳೂರಿನ ವಿಡಿಯೋ ಗೇಮ್ ಪಾರ್ಲರ್‌ಗಳ ಪರವಾನಗಿ ವಿವಾದವು ಸುಪ್ರೀಂ ಕೋರ್ಟ್‌ಗೆ ಹೋದಾಗ, 1995ರ ಎಂ.ಜೆ. ಶಿವಾನಿ ಪ್ರಕರಣದಲ್ಲಿ ನ್ಯಾಯಾಲಯವು ಯಂತ್ರಗಳನ್ನು ತಿದ್ದಿ ಫಲಿತಾಂಶ ಬದಲಿಸುವ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಿ ಸರ್ಕಾರದ ನಿಯಂತ್ರಣಾಧಿಕಾರವನ್ನು ಎತ್ತಿಹಿಡಿಯಿತು. ಮನುಷ್ಯರ ನಡುವಿನ ಪೋಕರ್‌ಗೆ ದೊರೆತ ಜಾಣ್ಮೆಯ ಪಟ್ಟವನ್ನು ಯಂತ್ರದ ಪೋಕರ್‌ಗೂ ಅಂಟಿಸುವವರು ಈ ತೀರ್ಪನ್ನು ಮರೆಯುತ್ತಾರೆ.

ಆನ್‌ಲೈನ್ ಪಣವನ್ನು ನಿಷೇಧಿಸಿದ ರಾಜ್ಯದ 2021ರ ಪೊಲೀಸ್ ತಿದ್ದುಪಡಿ ಕಾಯ್ದೆಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆಯು ಜಾಣ್ಮೆ–ಅದೃಷ್ಟದ ಭೇದವನ್ನೇ ಬದಿಗಿಟ್ಟು, ಆನ್‌ಲೈನ್ ಹಣದಾಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಿದೆ. ಆಡುವವನಿಗೆ ಶಿಕ್ಷೆಯಿಲ್ಲ. ಗೋವಾದ ಕ್ಯಾಸಿನೋಗಳು ಅಲ್ಲಿನ ಪ್ರತ್ಯೇಕ ಕಾಯ್ದೆಯಡಿ ನಡೆಯುತ್ತಿವೆ. ಕರಾವಳಿಯಿಂದ ಅಲ್ಲಿಗೆ ರೈಲಿನಲ್ಲಿ ಕೆಲವೇ ಗಂಟೆಗಳ ಹಾದಿ. ಹೊರದೇಶದ ತಾಣವೊಂದರಲ್ಲಿ ಹಣ ಸಿಕ್ಕಿಬಿದ್ದವನಿಗೆ ಮಾತ್ರ ಯಾವ ಪಟ್ಟಿಯೂ ನೆರವಾಗದು, ಠಾಣೆಗೆ ಹೋಗಿ ಹೇಳಿಕೊಳ್ಳಲು ಬಾಯಿಯೂ ಬಾರದು.