ಮಣ್ಣಿನ ಹುಳಿ ಮತ್ತು ಸುಣ್ಣದ ಲೆಕ್ಕ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಿಕೆ ತೋಟಗಳಲ್ಲಿ ಮಣ್ಣು ಹುಳಿಯಾಗಿರುವುದು ಹೊಸ ಸಂಗತಿಯೇನಲ್ಲ. ಮಲೆನಾಡಿನ ಮಳೆಯು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದೊಯ್ಯುತ್ತದೆ; ಜಂಬಿಟ್ಟಿಗೆ ಮಣ್ಣಿನಲ್ಲಿ ಹೈಡ್ರೊಜನ್ ಮತ್ತು ಅಲ್ಯೂಮಿನಿಯಂ ಅಯಾನುಗಳು ಉಳಿದುಕೊಳ್ಳುತ್ತವೆ. ಪರಿಹಾರವು ಸುಣ್ಣವೆಂಬುದನ್ನು ಎಲ್ಲರೂ ಬಲ್ಲರು. ಎಷ್ಟು ಸುಣ್ಣವೆಂಬುದೇ ಪ್ರಶ್ನೆ. ಪಿಎಚ್ ಒಂದನ್ನೇ ನೋಡಿ ಇದಕ್ಕೆ ಉತ್ತರ ಹೇಳುವುದು ಸಲ್ಲದೆಂದು ನನ್ನ ಅಭಿಪ್ರಾಯ.

ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಇಲ್ಲಿ ನೆನಪಾಗುವುದು ಬಚ್ಚಲುಮನೆಯ ಹಂಡೆ. ಹಂಡೆಯ ನೀರೂ ಚೊಂಬಿನ ನೀರೂ ಉಷ್ಣಮಾಪಕದಲ್ಲಿ ಒಂದೇ ಅಂಕವನ್ನು ತೋರಬಹುದು. ಆದರೆ ಚೊಂಬನ್ನು ಕಾಯಿಸಲು ಹಿಡಿ ಪುರಲೆ ಸಾಕು. ಹಂಡೆಗೆ ಹೊರೆ ಸೌದೆಯೇ ಬೇಕು. ಪಿಎಚ್ ಎಂಬುದೂ ಉಷ್ಣಮಾಪಕದ ಅಂಕದಂತೆಯೇ.

ಒಂದು ಸಣ್ಣ ಲೆಕ್ಕವನ್ನು ನೋಡೋಣ. ಅಸಿಟಿಕ್ ಆಮ್ಲ ಮತ್ತು ಸೋಡಿಯಂ ಅಸಿಟೇಟ್ ತಲಾ 0.1 ಮೋಲ್ ಇರುವ ಒಂದು ಲೀಟರ್ ಬಫರ್ ದ್ರಾವಣದ ಪಿಎಚ್ 4.76. ಇದಕ್ಕೆ 0.01 ಮೋಲ್, ಎಂದರೆ 0.4 ಗ್ರಾಂ, ಕಾಸ್ಟಿಕ್ ಸೋಡಾ ಬೆರೆಸಿದರೆ ಆಮ್ಲವು 0.09ಕ್ಕೆ ಇಳಿದು ಅಸಿಟೇಟ್ 0.11ಕ್ಕೆ ಏರುತ್ತದೆ. ಅಸಿಟೇಟನ್ನು ಆಮ್ಲದಿಂದ ಭಾಗಿಸಿ, ಬಂದುದರ ಲಾಗರಿದಮ್ಮನ್ನು 4.76ಕ್ಕೆ ಕೂಡಿಸಿದರೆ ಹೊಸ ಪಿಎಚ್ 4.85. ಎರಡೂ ತಲಾ 0.02 ಮೋಲ್ ಮಾತ್ರ ಇದ್ದರೆ? ಆರಂಭದ ಪಿಎಚ್ ಅದೇ 4.76, ಅಷ್ಟೇ ಸೋಡಾ ಬೆರೆಸಿದಾಗ ಪ್ರಮಾಣವು 0.03ಕ್ಕೆ 0.01 ಆಗಿ, ಪಿಎಚ್ 5.24ಕ್ಕೆ ನೆಗೆಯುತ್ತದೆ.

ಜೇಡಿಯೂ ಸಾವಯವ ಪದಾರ್ಥವೂ ಹೆಚ್ಚಿರುವ ಮಣ್ಣು ಮೊದಲನೆಯ ದ್ರಾವಣದಂತೆ. ಮರಳು ಮಣ್ಣು ಎರಡನೆಯದರಂತೆ. ಎರಡರ ಪಿಎಚ್ 5 ಆಗಿದ್ದರೂ ಒಂದೇ ತೂಕದ ಸುಣ್ಣವು ಒಂದಕ್ಕೆ ಸಾಲದು, ಇನ್ನೊಂದಕ್ಕೆ ಅತಿಯಾದೀತು. ಅತಿಯಾದರೆ ಸತು, ಮ್ಯಾಂಗನೀಸ್, ಬೋರಾನ್‌ಗಳು ಬೇರಿಗೆ ಸಾಕಷ್ಟು ದೊರೆಯವು.

ಇದನ್ನು ಅಳೆಯುವುದು ಕಷ್ಟವಲ್ಲ. ಶೂಮೇಕರ್, ಮೆಕ್ಲೀನ್, ಪ್ರ್ಯಾಟ್ ಎಂಬ ಮೂವರು 1961ರಲ್ಲಿ ಪ್ರಕಟಿಸಿದ ವಿಧಾನದಂತೆ, ಪಿಎಚ್ 7.5ರ ಬಫರ್ ದ್ರಾವಣದೊಡನೆ ಮಣ್ಣನ್ನು ಕುಲುಕಿ, ಪಿಎಚ್ ಎಷ್ಟು ಇಳಿಯಿತೆಂದು ನೋಡಿದರೆ ಬೇಕಾದ ಸುಣ್ಣದ ಪ್ರಮಾಣವು ಕೋಷ್ಟಕದಲ್ಲಿ ದೊರೆಯುತ್ತದೆ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯು ಪರೀಕ್ಷೆಗೆ ಗೊತ್ತುಮಾಡಿದ ಅಂಶಗಳು 12. ಅವುಗಳಲ್ಲಿ ಪಿಎಚ್ ಇದೆ; ಈ ಬಫರ್ ಅಂಕವಿಲ್ಲ. ಹುಳಿಮಣ್ಣಿನ ತಾಲ್ಲೂಕುಗಳಿಗಾದರೂ ಇದು ಹದಿಮೂರನೆಯದಾಗಿ ಸೇರಬೇಕು. ಕೋಷ್ಟಕವು ನಮ್ಮ ಜಂಬಿಟ್ಟಿಗೆ ಮಣ್ಣನ್ನೇ ಪರೀಕ್ಷಿಸಿ ಸಿದ್ಧಪಡಿಸಿದುದಾಗಿರಬೇಕು. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೃಷಿ ವಿಶ್ವವಿದ್ಯಾಲಯವಿರುವಾಗ ಈ ಕಾರ್ಯವು ಅಸಾಧ್ಯವೇನಲ್ಲ. ಅಲ್ಲಿಯವರೆಗೆ ನೆರೆಯ ತೋಟದ ಅಳತೆಯನ್ನು ನೋಡಿ ತಮ್ಮ ತೋಟಕ್ಕೆ ಸುಣ್ಣ ಎರಚದಿರುವುದೇ ಬೆಳೆಗಾರರಿಗೆ ಕ್ಷೇಮ.