ಮಗ್ಗಕ್ಕೆ ನಿಲ್ಲುವುದು ಗೊತ್ತು, ನಮಗೆ?



ಹಲಕರ್ಣಿ, ಗಡಹಿಂಗ್ಲಜ ಕಡೆಯಿಂದ ದುಡಿಮೆ ಹುಡುಕಿ ಹೊರಟವರಿಗೆ ಇಚಲಕರಂಜಿ ದೂರದ ಊರಲ್ಲ. ಆ ಊರಿನ ಹೆಸರು ಹೇಳಿದೊಡನೆ ಕಿವಿಯಲ್ಲಿ ಮೊಳಗುವುದು ಮಗ್ಗದ ಸದ್ದು. ಅಲ್ಲಿ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಅದನ್ನು ತಂದವರು ವಿಠ್ಠಲರಾವ್ ದಾತಾರ್, ಬೆಂಬಲ ಕೊಟ್ಟವರು ಅಂದಿನ ಜಹಗೀರುದಾರ ನಾರಾಯಣರಾವ್ ಘೋರ್ಪಡೆಯವರು. ಎರಡು ವರ್ಷಗಳ ನಂತರ, 1906ರಲ್ಲಿ, ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಬಟ್ಟೆ ಗಿರಣಿ ಆರಂಭಿಸಿದರು. ಆ ಗಿರಣಿ ಈಗ ಮುಚ್ಚಿದೆ. ಇಚಲಕರಂಜಿಯ ಮಗ್ಗಗಳು ಇಂದಿಗೂ ಓಡುತ್ತಿವೆ. ಆದರೆ ಮಗ್ಗವೇ ಬದಲಾಗುತ್ತಿದೆ. ಅದರ ಮುಂದೆ ನಿಂತವನ ಗತಿ ಏನು ಎಂಬುದೇ ಈ ಸಲದ ಮಾತು.

ಹಳೆಯ ಸಾದಾ ಮಗ್ಗದಲ್ಲಿ ಹೊಕ್ಕು ನೂಲನ್ನು ಲಾಳಿ ಹೊತ್ತುಕೊಂಡು ಓಡುತ್ತದೆ. ಭಾರವಾದ ಲಾಳಿಯನ್ನು ಆ ಕಡೆಯಿಂದ ಹೊಡೆಯಬೇಕು, ಈ ಕಡೆ ತಡೆಯಬೇಕು, ಮತ್ತೆ ಹೊಡೆಯಬೇಕು. ಆದ್ದರಿಂದ ವೇಗ ನಿಮಿಷಕ್ಕೆ ಸುಮಾರು 140 ಹೊಕ್ಕು, ಅಷ್ಟೇ. ಲಾಳಿ ಇಲ್ಲದ ಹೊಸ ಏರ್‌ಜೆಟ್ ಮಗ್ಗದಲ್ಲಿ ಗಾಳಿಯೇ ನೂಲನ್ನು ಒಯ್ಯುತ್ತದೆ. ನಿಮಿಷಕ್ಕೆ 700 ಹೊಕ್ಕು ಅದಕ್ಕೆ ದೊಡ್ಡ ಮಾತಲ್ಲ. ಇಂಚಿಗೆ 52 ಹೊಕ್ಕಿನ ಬಟ್ಟೆ ಎಂದುಕೊಳ್ಳಿ. ಒಂದು ಮೀಟರಿಗೆ ಸುಮಾರು 2,050 ಹೊಕ್ಕು ಬೇಕು. ಹಳೆಯ ಮಗ್ಗಕ್ಕೆ ಹದಿನೈದು ನಿಮಿಷ ಹಿಡಿದರೆ ಹೊಸದಕ್ಕೆ ಮೂರೇ ನಿಮಿಷ.

ವೇಗ ಒಂದು ಸಂಗತಿ. ಇನ್ನೊಂದು ಅದಕ್ಕಿಂತ ಮುಖ್ಯ. ನೂಲು ಹರಿದರೆ ಹೊಸ ಮಗ್ಗ ತಾನಾಗಿಯೇ ನಿಲ್ಲುತ್ತದೆ. ಜಪಾನಿನ ಸಾಕಿಚಿ ಟೊಯೋಡಾ ಇಂಥ ಸ್ವಯಂಚಾಲಿತ ಮಗ್ಗವನ್ನು 1924ರಷ್ಟು ಹಿಂದೆಯೇ ಪೂರ್ಣಗೊಳಿಸಿದ್ದರು. ಹರಿದ ನೂಲನ್ನು ಕಣ್ಣಿಟ್ಟು ಕಾಯುವ ಕೆಲಸ ತಪ್ಪಿದ್ದರಿಂದ ಒಬ್ಬ ಆಳು ಹೆಚ್ಚು ಮಗ್ಗ ನೋಡಬಹುದಾಯಿತು. ನಾಲ್ಕು ಸಾದಾ ಮಗ್ಗ ನೋಡುತ್ತಿದ್ದವನು ಎಂಟು ಏರ್‌ಜೆಟ್ ನೋಡುತ್ತಾನೆ ಎಂದಿಟ್ಟುಕೊಳ್ಳೋಣ. ಮಗ್ಗ ಎರಡು ಪಟ್ಟು, ವೇಗ ಐದು ಪಟ್ಟು. ಒಬ್ಬನ ಕೈಯಿಂದ ಇಳಿಯುವ ಬಟ್ಟೆ ಹತ್ತು ಪಟ್ಟು! ಅಷ್ಟೇ ಬಟ್ಟೆ ಸಾಕೆಂದರೆ ಹತ್ತು ಜನರಲ್ಲಿ ಒಂಬತ್ತು ಜನ ಮನೆಗೆ ಹೋಗಬೇಕು. ಬಟ್ಟೆಯ ಬೇಡಿಕೆ ಬೆಳೆದಷ್ಟು ಮಾತ್ರ ಅವರಿಗೆ ಮತ್ತೆ ಜಾಗ.

ಹಾಗಾದರೆ ಯಂತ್ರವೇ ಶತ್ರುವೇ? 1811ರಲ್ಲಿ ಇಂಗ್ಲೆಂಡಿನ ಕೆಲಸಗಾರರು ಹಾಗೆಂದೇ ಯಂತ್ರಗಳನ್ನು ಒಡೆದರು. ಯಂತ್ರಗಳು ನಿಲ್ಲಲಿಲ್ಲ. ಇಂದು ನಾವು ಹಳೆಯದು ಎನ್ನುವ ಸಾದಾ ಮಗ್ಗವೂ ಒಂದು ಕಾಲಕ್ಕೆ ಕೈಮಗ್ಗದವರ ಅನ್ನಕ್ಕೆ ಕೈ ಹಾಕಿದ್ದೇ ಅಲ್ಲವೇ? 1982ರ ಮುಷ್ಕರದ ನಂತರ ಮುಂಬಯಿ ಗಿರಣಿಗಳು ಸೊರಗಿದಾಗ, ಅಲ್ಲಿಯ ನೇಯ್ಗೆಯ ಕೆಲಸ ಭಿವಂಡಿ, ಇಚಲಕರಂಜಿಯಂಥ ಊರುಗಳಿಗೆ ಹರಿದು ಬಂತು. ಒಂದು ಊರಿನ ಅಳಲು ಇನ್ನೊಂದು ಊರಿನ ಅನ್ನವಾಯಿತು.

ಹೊಸ ಮಗ್ಗ ಕೆಲಸ ಕೊಡುವುದೇ ಇಲ್ಲ ಎನ್ನಲಾಗದು. ಫಿಟ್ಟರ್ ಬೇಕು, ವಿದ್ಯುತ್ ಕೆಲಸದವರು ಬೇಕು, ಬಟ್ಟೆಯ ಗುಣ ಪರೀಕ್ಷಿಸುವವರು ಬೇಕು. ಆದರೆ ಹೋದ ಕೆಲಸ ಒಬ್ಬರದು, ಬಂದ ಕೆಲಸ ಇನ್ನೊಬ್ಬರದು. ಐವತ್ತು ದಾಟಿದ ನೇಕಾರ ನಾಳೆ ಬೆಳಿಗ್ಗೆ ಎಲೆಕ್ಟ್ರಾನಿಕ್ಸ್ ಕಲಿತು ಬರಲಾರ. ಸದ್ದಿಲ್ಲದೆ ಹೋಗುವ ಇನ್ನೊಂದು ಕೆಲಸವೂ ಇದೆ. ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವ ಕೆಲಸ ಬಹಳ ಕಡೆ ಹೆಂಗಸರದು. ಲಾಳಿಯೇ ಇಲ್ಲದ ಮಗ್ಗಕ್ಕೆ ಕಂಡಿಕೆ ಬೇಡ. ನೂಲು ನೇರವಾಗಿ ಕೋನಿನಿಂದ ಬರುತ್ತದೆ. ಆ ತಾಯಂದಿರ ಗಳಿಕೆ ನಿಂತದ್ದು ಯಾವ ಸುದ್ದಿಯಲ್ಲೂ ಬರುವುದಿಲ್ಲ.

ಹೊಲದಲ್ಲೂ ಇದೇ ಕಥೆ. ನಮ್ಮ ಸೀಮೆಯ ಕಬ್ಬು ಕಡಿಯಲು ಬೀಡ್ ಕಡೆಯಿಂದ ಗಂಡ ಹೆಂಡತಿ ಜೋಡಿಯಾಗಿ ಬರುತ್ತಾರೆ. ಅವರ ಲೆಕ್ಕದಲ್ಲಿ ಆ ಜೋಡಿಗೆ 'ಕೊಯ್ತಾ' ಎಂದೇ ಹೆಸರು. ಮುಂಗಡ ಪಡೆದು, ಮಕ್ಕಳನ್ನು ಕಟ್ಟಿಕೊಂಡು ಬಂದು, ಗುಡಿಸಲಲ್ಲಿ ಇದ್ದು ಕಡಿಯುವ ಆ ಕಷ್ಟವನ್ನು ಕಟಾವು ಯಂತ್ರ ತಪ್ಪಿಸಿದರೆ ಒಳ್ಳೆಯದೇ. ಆದರೆ ತಪ್ಪಿದ ಆ ಕೆಲಸದ ಬದಲಿಗೆ ಅವರಿಗೆ ಏನು ಸಿಕ್ಕಿತು ಎಂದು ಕೇಳದಿದ್ದರೆ ನಮ್ಮ ಸಂತೋಷ ಅರ್ಧದ್ದು.

ಇನ್ನು ದುಡಿಮೆಯ ಹೊತ್ತಿನ ವಿಚಾರ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲೇ ತನ್ನ ಮೊದಲ ಒಪ್ಪಂದದಲ್ಲಿ ಬರೆಯಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ವಾರಕ್ಕೆ 48 ಗಂಟೆ ಎಂದಿತು. ಆದರೆ ವಿದ್ಯುತ್ ಮಗ್ಗದ ಶೆಡ್ಡುಗಳಲ್ಲಿ ರೂಢಿಯಾದದ್ದು 12 ಗಂಟೆಯ ಪಾಳಿ. ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಆ ಕಾಯ್ದೆ ಅದನ್ನು ಕಾರ್ಖಾನೆ ಎನ್ನುತ್ತಿತ್ತು. ಅನೇಕ ಶೆಡ್ಡುಗಳಲ್ಲಿ ಅಷ್ಟು ಜನರೇ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಈ ಮಿತಿ ಇಪ್ಪತ್ತಕ್ಕೆ ಏರಿದೆ. ಯಂತ್ರ ಬಂದು ಆಳು ಕಡಿಮೆಯಾದಷ್ಟೂ ಶೆಡ್ಡು ಕಾರ್ಖಾನೆಯ ನಿಯಮದಿಂದ ಹೊರಗೆ ಜಾರುತ್ತದೆ. ಇದನ್ನು ಗಮನಿಸಬೇಕು.

ಯಂತ್ರ ಚುರುಕಾದರೆ ಮನುಷ್ಯನಿಗೆ ಬಿಡುವು ಸಿಗಬೇಕಲ್ಲ, ಏಕೆ ಸಿಗುವುದಿಲ್ಲ? ಕಾರಣ ಸರಳ. ದುಬಾರಿ ಮಗ್ಗ ಸಾಲದಿಂದ ಬರುತ್ತದೆ. ಬಡ್ಡಿ ರಾತ್ರಿಯೂ ಓಡುವುದರಿಂದ ಮಗ್ಗವೂ ರಾತ್ರಿ ಓಡಬೇಕು. ಮಜೂರಿ ಬಟ್ಟೆಯ ಅಳತೆಯ ಮೇಲೆ ಸಿಗುವುದರಿಂದ ನೇಕಾರನೂ ಹೆಚ್ಚು ಹೊತ್ತು ನಿಲ್ಲುತ್ತಾನೆ. ಯಾರೂ ಬಲವಂತ ಮಾಡದಿದ್ದರೂ ಹೊಟ್ಟೆ ಬಲವಂತ ಮಾಡುತ್ತದೆ.

ಒಂದು ಲೆಕ್ಕ ನೋಡಿ. ದಿನದ 24 ಗಂಟೆಯನ್ನು ಎರಡು ಪಾಳಿ ಮಾಡಿದರೆ ಇಬ್ಬರಿಗೆ ಕೆಲಸ. ಮೂರು ಪಾಳಿ ಮಾಡಿದರೆ ಮೂವರಿಗೆ. ಮಗ್ಗ ಒಂದು ಗಳಿಗೆಯೂ ಹೆಚ್ಚು ನಿಲ್ಲುವುದಿಲ್ಲ. ಆದರೆ ಒಬ್ಬೊಬ್ಬನ ದಿನದ ಗಳಿಕೆ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಅದನ್ನು ತುಂಬಲು ಮಜೂರಿ ದರ ಒಂದೂವರೆ ಪಟ್ಟು ಆಗಬೇಕು. ಉತ್ಪಾದನೆ ಹತ್ತು ಪಟ್ಟು ಆದಲ್ಲಿ ಇದು ಕೇಳಬಾರದ ಮಾತೇನಲ್ಲ. ಹೌದು, ನೂಲಿನ ಬೆಲೆ, ವಿದ್ಯುತ್ ಬಿಲ್ಲು, ಸಾಲದ ಕಂತು ಇವುಗಳ ನಡುವೆ ಸಿಕ್ಕಿದ ಸಣ್ಣ ಮಾಲೀಕ ಒಬ್ಬನೇ ಇದನ್ನು ಮಾಡಲಾರ. ಪಕ್ಕದ ಶೆಡ್ಡಿನವನು ಅಗ್ಗಕ್ಕೆ ಮಾರಿದರೆ ಇವನು ಮುಳುಗುತ್ತಾನೆ. ಆದ್ದರಿಂದ ಊರಿಗೆ ಊರೇ ಕೂತು ಒಪ್ಪಬೇಕಾದ ಮಾತಿದು. 2013ರಲ್ಲಿ ಮಜೂರಿಗಾಗಿ ನಡೆದ ದೀರ್ಘ ಮುಷ್ಕರ ಕಲಿಸಿದ್ದೂ ಇದನ್ನೇ.

ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲಿ ಕಾರ್ಮಿಕರ ಕುರಿತು ವಿಶ್ವಪತ್ರ ಬರೆದಾಗ ಕೂಲಿ ಸಂಸಾರಕ್ಕೆ ಸಾಲುವಂತಿರಬೇಕು, ವಿಶ್ರಾಂತಿ ಇರಬೇಕು ಎಂದು ಬೋಧಿಸಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರು ತೆಗೆದುಕೊಳ್ಳಲು ಆ ಪತ್ರವೂ, ಇಂದಿನ ಕೃತಕ ಬುದ್ಧಿಮತ್ತೆಯೂ ಕಾರಣವೆಂದು ಅವರೇ ಹೇಳಿದ್ದಾರೆ. ಮಗ್ಗದ ಪ್ರಶ್ನೆ ಈಗ ಕಂಪ್ಯೂಟರ್ ಮುಂದೆ ಕೂತ ಮಕ್ಕಳದೂ ಆಗಿದೆ.

ಮನೆಯಲ್ಲಿ ನಾವು ಮಾಡಬಹುದಾದದ್ದು ಸ್ವಲ್ಪವಿದೆ. ಮಗ್ಗದ ಕೆಲಸಕ್ಕೆ ಹೋಗುವ ಮಗ ಬರೀ ನೂಲು ಕಟ್ಟುವುದನ್ನಲ್ಲ, ಮಗ್ಗ ಬಿಚ್ಚಿ ಜೋಡಿಸುವುದನ್ನೂ ಕಲಿಯಲಿ. ಕಂಡಿಕೆ ಸುತ್ತುತ್ತಿದ್ದ ತಾಯಿ ಬಟ್ಟೆ ಪರೀಕ್ಷೆಯನ್ನೋ ಹೊಲಿಗೆಯನ್ನೋ ಕಲಿಯಲು ಹೊರಟರೆ ಮನೆಯವರು ತಡೆಯದಿರಲಿ. ಮಜೂರಿಯ ಲೆಕ್ಕ ಕಾಗದದಲ್ಲಿ ಇರಲಿ. ನಮ್ಮಲ್ಲೇ ಶೆಡ್ಡಿನ ಮಾಲೀಕರಿದ್ದರೆ, ಹೊಸ ಮಗ್ಗ ತರುವ ಮೊದಲು ಹಳೆಯ ಆಳುಗಳನ್ನು ಕೂರಿಸಿ ಮಾತಾಡಲಿ. ರಾತ್ರಿ ಪಾಳಿ ಮುಗಿಸಿ ಬಂದವನು ಮಲಗಿರುವಾಗ ಟಿವಿಯ ಸದ್ದು ತಗ್ಗಿಸುವುದೂ ಒಂದು ಸೇವೆಯೇ.

ನೂಲು ಹರಿದರೆ ಮಗ್ಗ ನಿಲ್ಲಲಿ ಎಂದು ಅದಕ್ಕೆ ಕಲಿಸಿದವರು ನಾವೇ. ದಣಿದ ಮನುಷ್ಯನೂ ನಿಲ್ಲಬಹುದು ಎಂಬ ಒಪ್ಪಂದವನ್ನು ಬರೆಯಬೇಕಾದವರೂ ನಾವೇ.