ಹುಲ್ಲಿನ ಬಯಲೋ, ಸೊಪ್ಪಿನ ಮಡಿಯೋ?

ಪಟ್ಟಣದಲ್ಲಿ ನೆಲವಿಲ್ಲವೆಂದು ಕೊರಗುವವರು ಬೆಂಗಳೂರಿನ ಹೈಗ್ರೌಂಡ್ಸಿನ ಕಡೆಗೊಮ್ಮೆ ಕಣ್ಣು ಹಾಯಿಸಬೇಕು. 1876ರಲ್ಲಿ ಸ್ಥಾಪಿತವಾದ ಗಾಲ್ಫ್ ಕ್ಲಬ್ಬಿನ ಮೈದಾನವು ಊರಿನ ನಡುವೆಯೇ ಹರಡಿಕೊಂಡಿದೆ. ಅಲ್ಲಿರುವ ಗುಳಿಗಳು 18. ಒಂದೊಂದಕ್ಕೆ ನಾಲ್ವರಂತೆ ಆಡಿದರೂ ಏಕಕಾಲಕ್ಕೆ 72 ಮಂದಿ. ಒಂದು ಕೋಟಿಗೂ ಮಿಕ್ಕ ಜನರು ಗೇಣು ನೆಲಕ್ಕೆ ಹಾತೊರೆಯುವ ನಗರದಲ್ಲಿ, ಇಷ್ಟು ಭೂಮಿಗೆ ನೀರೆರೆದು ಬೆಳೆದ ಹುಲ್ಲನ್ನು ಕತ್ತರಿಸಿ ಬಿಸುಡುವುದು ಯಾವ ಕೃಷಿಶಾಸ್ತ್ರ? ಇಂತಹ ಮೈದಾನಗಳ ಅರ್ಧವನ್ನಾದರೂ ಕಾಯಿಪಲ್ಯದ ತೋಟವಾಗಿಸಬೇಕೆಂಬುದೇ ನಮ್ಮ ವಾದವು.

ಇದನ್ನು ಹೊಸ ಹುಚ್ಚೆಂದು ನಗುವವರು ಊರಿನ ಪೂರ್ವವೃತ್ತಾಂತವನ್ನು ಮರೆತಿದ್ದಾರೆ. ಇಂದು ಕಂಠೀರವ ಕ್ರೀಡಾಂಗಣವಿರುವೆಡೆ ಹಿಂದೆ ಸಂಪಂಗಿ ಕೆರೆಯಿದ್ದಿತು. ಅದರ ಆಶ್ರಯದಲ್ಲಿ ತಿಗಳ ತೋಟಗಾರರು ಸೊಪ್ಪು ತರಕಾರಿಗಳನ್ನು ಬೆಳೆಯುತ್ತಿದ್ದರು. ಕೆರೆ ಹೋಯಿತು, ತೋಟಗಳು ಹೋದುವು, ಆಟ ಬಂದಿತು. ಕೆರೆಯನ್ನು ಆಟದ ಬಯಲಾಗಿಸುವಾಗ ಬಾರದ ಸಂಕೋಚವು ಆಟದ ಬಯಲನ್ನು ತೋಟವಾಗಿಸುವಾಗ ಮಾತ್ರ ಏತಕ್ಕೆ?

1939ರಲ್ಲಿ ಮಹಾಯುದ್ಧವು ತೊಡಗಲು, ಲಂಡನ್ನಿನವರು ತಮ್ಮ ಹೆಮ್ಮೆಯ ಹೈಡ್ ಪಾರ್ಕಿನಲ್ಲಿಯೂ ತರಕಾರಿಯನ್ನು ಬಿತ್ತಿದರು. 1991ರಲ್ಲಿ ಸೋವಿಯತ್ ಒಕ್ಕೂಟವು ಕುಸಿದು ಕ್ಯೂಬಾ ದೇಶಕ್ಕೆ ಎಣ್ಣೆ, ಗೊಬ್ಬರಗಳ ಸರಬರಾಯಿ ತಪ್ಪಿದಾಗ, ಹವಾನಾ ನಗರದ ಜನರು ಪಾಳುನಿವೇಶನಗಳಲ್ಲಿ ಮಡಿ ಕಟ್ಟಿ ಸೊಪ್ಪು ಬೆಳೆದರು. ಅವರಿಗೆ ಹಸಿವು ಕಲಿಸಿದ ಪಾಠವನ್ನು ನಾವು ಹೊಟ್ಟೆ ತುಂಬಿರುವಾಗಲೇ ಕಲಿಯಬಾರದೇ?

ನೀರೆಲ್ಲಿ ಎಂದು ಕೇಳುವವರುಂಟು. ಹುಲ್ಲೇನು ಗಾಳಿ ಕುಡಿದು ಬದುಕಿದೆಯೇ? ಕಬ್ಬನ್ ಪಾರ್ಕಿಗೆ ಚರಂಡಿಯ ನೀರನ್ನು ಶುದ್ಧಿಮಾಡಿ ಉಣಿಸುವ ಏರ್ಪಾಡಿದೆ; ಅದನ್ನು ಇನ್ನಷ್ಟು ಶೋಧಿಸಿ, ಬೇಯಿಸಿ ತಿನ್ನುವ ತರಕಾರಿಗಳ ಬುಡಕ್ಕೆ ಹನಿಸಬಹುದು. ವಾಹನಗಳ ಹೊಗೆಯಿಂದ ಮಣ್ಣು ಕೆಟ್ಟಿದ್ದರೆ, ಪರೀಕ್ಷಿಸಿ, ಹೊಸ ಮಣ್ಣಿನ ಎತ್ತರದ ಮಡಿಗಳನ್ನು ಕಟ್ಟಬಹುದು.

ಇಂದು ತೋಟವೆಂದು ಬಿಡಿಸಿಕೊಂಡ ನೆಲವು ನಾಳೆ ಬಹುಮಹಡಿ ಕಟ್ಟಡವಾದೀತೆಂಬ ಭಯವೊಂದು ಮಾತ್ರ ನಿಜವಾದುದು. ಆದಕಾರಣ ಮೊದಲು ಕಾನೂನು, ಆಮೇಲೆ ಗುದ್ದಲಿ. ಭೂಮಿಯು ಸಾರ್ವಜನಿಕರದಾಗಿಯೇ ಉಳಿಯಲಿ, ವರ್ಷದ ಕರಾರಿನ ಮೇಲೆ ಬಡ ಕುಟುಂಬಗಳಿಗೂ ಶಾಲೆಗಳಿಗೂ ಮಡಿಗಳು ಸಲ್ಲಲಿ, ಇಟ್ಟಿಗೆಯೊಂದೂ ಏಳದಿರಲಿ. ಮಕ್ಕಳು ಆಡುವ ಮೈದಾನಗಳಲ್ಲಿ ಒಂದಂಗುಲವನ್ನೂ ಮುಟ್ಟಕೂಡದು; ಅವು ಈಗಾಗಲೇ ಸಾಲದಾಗಿವೆ.

ಕೆಲವು ಎಕರೆಗಳಿಂದ ಇಡೀ ನಗರದ ಹೊಟ್ಟೆ ತುಂಬದೆಂಬುದು ದಿಟವೇ. ಆದರೆ ಬಡವರ ತಟ್ಟೆಗೆ ಹಸಿಸೊಪ್ಪು ಬಂದೀತು. ಬದನೆಯನ್ನು ಅಂಗಡಿಯಲ್ಲಿ ಮಾತ್ರ ಕಂಡ ಮಕ್ಕಳು ಅದರ ಹೂವನ್ನೂ ಕಂಡಾರು. ಎಪ್ಪತ್ತೆರಡು ಜನರ ವಿಹಾರಕ್ಕಿಂತ ಇದು ಕಡಮೆಯ ಲಾಭವೆನ್ನುವವರು ತಮ್ಮ ಲೆಕ್ಕವನ್ನು ಬಹಿರಂಗವಾಗಿ ಮಂಡಿಸಲಿ.